ಆನೆಯ ಪಕ್ಷ

ಆನೆಗಳನ್ನು ಉಳಿಸಬೇಕೆಂಬ ಹುಚ್ಚು ನನಗೆ ಹಿಡಿದುದು ಅಮೃತಹಳ್ಳಿಯಲ್ಲಿ. ಅಂದರೆ ಆನೆಯೇ ಇಲ್ಲದ ಊರಿನಲ್ಲಿ. ನಮ್ಮ ಕೆರೆಗೆ ಕೊಕ್ಕರೆ ಬರುತ್ತದೆ, ನೀರುಕಾಗೆ ಬರುತ್ತದೆ. ಆನೆಯ ಮುಖ ಕಾಣುವುದು ಗಣೇಶನ ಹಬ್ಬದಲ್ಲಿ ಮಾತ್ರ.

ಹುಚ್ಚು ಹಿಡಿಸಿದವರು ರಾಮನ್ ಸುಕುಮಾರರು. ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಈ ವಿದ್ವಾಂಸರು 1980ರ ದಶಕದ ಆರಂಭದಲ್ಲಿ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಹಿಂದೆ ಅಲೆದವರು. ನಮ್ಮ ದೇಶದ ಆನೆಗಳಲ್ಲಿ ಕೋರೆದಂತವಿರುವುದು ಗಂಡಿಗೆ. ಕಳ್ಳಬೇಟೆಗಾರ ಕೊಲ್ಲುವುದೂ ಅದನ್ನೇ. ಹಿಂಡು ತುಂಬಿದಂತೆ ಕಂಡರೂ ಒಳಗೆ ಗಂಡುಗಳು ಕರಗಿರುತ್ತವೆ. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನವೇ ಮನವಿಪತ್ರ ಬರೆದೆ. ಕಾಕನಕೋಟೆಯಲ್ಲಿ 1971ರಲ್ಲಿ ನಡೆದ ಕೊನೆಯ ಖೆಡ್ಡಾ, 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,395 ಎಂಬ ಲೆಕ್ಕ, ಎಲ್ಲವೂ ಅದರಲ್ಲಿದ್ದುವು. ನೂರಕ್ಕೂ ಮೇಲೆ ರುಜುಗಳಾದುವು. ಎದುರುಮನೆಯ ಅಜ್ಜಿ ಚುನಾವಣೆಯ ಕಾಗದವೆಂದು ತಿಳಿದು ಹೆಬ್ಬೆಟ್ಟು ಒತ್ತಿದರೆಂಬುದನ್ನು ಮುಚ್ಚಿಡಲಾರೆ.

ರಾಗಿ ಬಲಿಯುವ ಕಾಲಕ್ಕೆ ಪುಣಜನೂರಿನ ಕಡೆ ಇರುವ ಸೋದರಮಾವನ ಹಳ್ಳಿಗೆ ಹೋದೆ. ಮನವಿಪತ್ರ ಚೀಲದಲ್ಲೇ ಇತ್ತು. ಮಾವ ಓದಿಸಿ ಕೇಳಿದರು. “ರಾತ್ರಿ ಅಟ್ಟಣೆಗೆ ಬಾ ಮಗ, ಆಮೇಲೆ ನೋಡಾನ” ಎಂದಷ್ಟೇ ಹೇಳಿದರು.

ನಡುರಾತ್ರಿ ಕಳೆದಿತ್ತು. ಯಾರೋ ಹಳೆಯ ಬಟ್ಟೆ ಹರಿಯುತ್ತಿರುವಂತಹ ಸದ್ದು ಕೇಳಿಸಿತು. ಮಾವ ಟಾರ್ಚು ಬಿಟ್ಟರು. ಕತ್ತಲಲ್ಲಿ ಎರಡು ಬಿಳಿಯ ಕೋರೆಗಳು! ಒಂಟಿ ಸಲಗ. ನಾನು ಸಂತೋಷದಿಂದ ಚಪ್ಪಾಳೆ ತಟ್ಟುವುದರಲ್ಲಿದ್ದೆ. ಮಾವ ಡಬ್ಬ ಬಡಿಯುತ್ತಿದ್ದರು, ಕೈ ನಡುಗುತ್ತಿತ್ತು. ಬಡಿತದ ನಡುನಡುವೆ, “ಹೋಗು ನನ್ನಪ್ಪ, ಹೋಗು ಸ್ವಾಮಿ” ಎನ್ನುತ್ತಿದ್ದರು. ಸ್ವಾಮಿ ಅವಸರಪಡಲಿಲ್ಲ.

ಬೆಳಗಾದಾಗ ಹೊಲದ ಒಂದು ಮೂಲೆ ಚಾಪೆ ಹಾಸಿದಂತೆ ಮಲಗಿತ್ತು. ಪೈರಿಗೆ ನುಗ್ಗುವುದರಲ್ಲಿ ಹೆಣ್ಣಾನೆಗಳಿಗಿಂತ ಸಲಗಗಳೇ ಮುಂದೆಂದು ಸುಕುಮಾರರೇ ತೋರಿಸಿಕೊಟ್ಟಿದ್ದಾರೆ. ಆ ಪುಟವನ್ನೂ ನಾನು ಓದಿದ್ದೆ, ಆದರೆ ಬೇಗ ಬೇಗ. ನಾನು ಉಳಿಸಹೊರಟ ಆನೆಯೂ ಮಾವನ ರಾಗಿ ತಿಂದ ಆನೆಯೂ ಒಂದೇ.

ಮಾವ ಬದುವಿನ ಮೇಲೆ ಕುಳಿತು ಕಾಗದ ಕೇಳಿದರು. “ಅದು ಬದುಕ್ಲಿ ಕನ ಮಗ. ಬ್ಯಾಡ ಅಂದೋರು ಯಾರು? ಆದ್ರೆ ಇದ್ರಲ್ಲಿ ನನ್ ರಾಗಿ ಎಲ್ಲಿ ಬರ್ದಿದ್ದೀಯೆ?”

ಎಲ್ಲಿಯೂ ಬರೆದಿರಲಿಲ್ಲ.

ಅಲ್ಲಿಯೇ ಹೊಸದೊಂದು ಹಾಳೆ ತೆಗೆದೆ. ಕಾಡಂಚಿನ ಕಂದಕಗಳನ್ನು ವರ್ಷವರ್ಷವೂ ದುರಸ್ತಿ ಮಾಡಬೇಕು, ಪೈರಿನ ಪರಿಹಾರ ಮುಂದಿನ ಬಿತ್ತನೆಯೊಳಗೆ ರೈತನ ಕೈಸೇರಬೇಕು ಎಂದು ಮೊದಲು ಬರೆದು, ಆನೆಯ ಮಾತನ್ನು ಅದರ ಕೆಳಗೆ ಬರೆದೆ. ಅದನ್ನು ಹಿಡಿದು ಈಗ ಅಮೃತಹಳ್ಳಿಯ ಅವೇ ಮನೆಗಳಿಗೆ ಮತ್ತೆ ಹೋಗುತ್ತಿದ್ದೇನೆ. ಈ ಸಲ ಜನ ಓದಿ, ಪ್ರಶ್ನೆ ಕೇಳಿ ರುಜು ಹಾಕುತ್ತಾರೆ. ಆದ್ದರಿಂದ ಇನ್ನೂ ನಲವತ್ತಾಗಿಲ್ಲ. ಮೊದಲನೆಯದು ಮಾವನದು.