ಹಿಮ ಬೀಳುವಾಗ ನಯಾಗರ



ಜಲಪಾತ ನೋಡಲು ಯಾವ ಕಾಲ ಚೆನ್ನ ಎಂದು ಕೇಳಿದರೆ ನೀವು ಥಟ್ಟನೆ 'ಮಳೆಗಾಲ' ಎನ್ನುತ್ತೀರಿ. ನಮ್ಮ ಜೋಗ, ಗೋಕಾಕ, ಶಿವನಸಮುದ್ರಗಳ ಮಟ್ಟಿಗೆ ಅದು ಸರಿ. ಮಳೆ ಸುರಿದರೆ ಹೊಳೆ ತುಂಬುತ್ತದೆ, ಹೊಳೆ ತುಂಬಿದರೆ ಜಲಪಾತ ಭೋರ್ಗರೆಯುತ್ತದೆ. ಆದರೆ ನೀರು ಕಲ್ಲಿನಂತೆ ಗಟ್ಟಿಯಾಗುವ ಚಳಿಯಲ್ಲಿ, ಕಾಲಿಟ್ಟಲ್ಲೆಲ್ಲ ಹಿಮ ಬಿದ್ದಿರುವಾಗ ಜಲಪಾತ ನೋಡಲು ಹೊರಟರೆ? ಆಗ ಅದು ಬೀಳುತ್ತಿರುತ್ತದೆಯೇ, ನಿಂತುಬಿಟ್ಟಿರುತ್ತದೆಯೇ? ಅಲ್ಲಿಗೆ ಹೋಗಿ ಕ್ಷೇಮವಾಗಿ ಹಿಂತಿರುಗಬಹುದೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ನಮ್ಮ ಮನೆಯ ನಾಲ್ವರು ಹಾಕಿದ ಲೆಕ್ಕಾಚಾರವನ್ನು ನಿಮಗೆ ಹೇಳುತ್ತೇನೆ.

ನಯಾಗರ ಎಲ್ಲಿದೆ?

ಅಟ್ಲಾಸ್ ತೆರೆದು ಉತ್ತರ ಅಮೆರಿಕದ ನಕ್ಷೆ ನೋಡಿ. ಕೆನಡಾ ಮತ್ತು ಅಮೆರಿಕ ದೇಶಗಳ ಗಡಿಯ ಆಸುಪಾಸಿನಲ್ಲಿ ಐದು ದೊಡ್ಡ ಸರೋವರಗಳು ಕಾಣುತ್ತವೆ. ಅವುಗಳಲ್ಲಿ ಈರಿ ಎಂಬ ಸರೋವರದಿಂದ ಹೊರಟು ಒಂಟಾರಿಯೊ ಎಂಬ ಸರೋವರ ಸೇರುವ ಪುಟ್ಟ ನದಿಯೇ ನಯಾಗರ. ಅದರ ಉದ್ದ ಸುಮಾರು 58 ಕಿಲೋಮೀಟರ್ ಅಷ್ಟೇ. ದಾರಿಯಲ್ಲಿ ಅದು ಅಕ್ಕಪಕ್ಕದಲ್ಲೇ ಮೂರು ಜಲಪಾತಗಳಾಗಿ ಧುಮುಕುತ್ತದೆ. ಅವುಗಳಲ್ಲಿ ದೊಡ್ಡದು ಕುದುರೆ ಲಾಳದ ಆಕಾರದ್ದು. ಅದರ ಎತ್ತರ ಸುಮಾರು 57 ಮೀಟರ್. ನಮ್ಮ ಜೋಗದ ಎತ್ತರ 253 ಮೀಟರ್! ಎತ್ತರದಲ್ಲಿ ಜೋಗದ ಕಾಲುಭಾಗಕ್ಕೂ ಬಾರದ ನಯಾಗರ ಲೋಕಪ್ರಸಿದ್ಧವಾದದ್ದು ತನ್ನ ಅಗಲದಿಂದ ಮತ್ತು ನೀರಿನ ರಾಶಿಯಿಂದ.

ನನ್ನ ಅಕ್ಕ ಮತ್ತು ಭಾವ ಕೆನಡಾದ ಟೊರಾಂಟೊ ನಗರದಲ್ಲಿದ್ದಾರೆ. ಅಲ್ಲಿಂದ ನಯಾಗರಕ್ಕೆ ರಸ್ತೆಯಲ್ಲಿ ಸುಮಾರು 130 ಕಿಲೋಮೀಟರ್. ಒಂದು ಚಳಿಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ನಾನು ಅವರ ಮನೆಗೆ ಹೋಗಿದ್ದೆ. ಅಮ್ಮನಿಗೆ ಎಪ್ಪತ್ತು ದಾಟಿದೆ. ಸಾಗರದ ಕಡೆಯವಳಾದ್ದರಿಂದ ಜೋಗವನ್ನು ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ನಯಾಗರವನ್ನು ಒಮ್ಮೆ ನೋಡಬೇಕೆಂಬ ಆಸೆ ಅವಳಿಗೆ ಬಹಳ ವರ್ಷಗಳಿಂದ ಇತ್ತು. ಅಷ್ಟು ದೂರ ಮತ್ತೆ ಬರುವುದು ಅವಳಿಂದ ಆಗದ ಮಾತು. ಭಾವನವರಿಗೆ ಬಿಡುವಿದ್ದದ್ದು ಶನಿವಾರ ಮಾತ್ರ. ನಾವು ಊರಿಗೆ ಹೊರಡುವ ಮುಂಚೆ ಉಳಿದಿದ್ದವು ಎರಡೇ ಶನಿವಾರಗಳು.

ಅಮ್ಮನ ಪ್ರಶ್ನೆ

ಹೊರಡುವ ಮಾತು ಬಂದ ಕೂಡಲೇ ಅಮ್ಮ ಕೇಳಿದಳು: "ಅಲ್ಲ ಕಣೋ, ನೀರೆಲ್ಲ ಗಡ್ಡೆ ಕಟ್ಟಿದ್ದರೆ ನೋಡೋದು ಏನನ್ನು? ಮನೆಯ ಫ್ರಿಜ್ಜಿನಲ್ಲಿ ಕಾಣದ್ದು ಅಲ್ಲೇನಿರುತ್ತೆ?"

ಒಳ್ಳೆಯ ಪ್ರಶ್ನೆ, ಅಲ್ಲವೇ? 'ಹೆಪ್ಪುಗಟ್ಟಿದ ನಯಾಗರ' ಎಂಬ ಚಿತ್ರಗಳನ್ನು ನೀವೂ ಪತ್ರಿಕೆಗಳಲ್ಲಿ ನೋಡಿರಬಹುದು. ಆದರೆ ಆ ಚಿತ್ರಗಳಲ್ಲಿ ಹೆಪ್ಪುಗಟ್ಟಿರುವುದು ಬಂಡೆಗಳ ಮೇಲೆ ಸಿಡಿದ ಹನಿಗಳು, ಅಂಚಿನ ಸಣ್ಣ ಧಾರೆಗಳು. ಅವುಗಳ ಹಿಂದೆ, ಕೆಳಗೆ, ನಡುವೆ ನೀರು ಬೀಳುತ್ತಲೇ ಇರುತ್ತದೆ.

ಹೇಗೆ ಅಂತೀರಾ? ಒಂದು ಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ತಣಿಸಲು ಅದರಿಂದ ಒಂದು ಕ್ಯಾಲೊರಿ ಶಾಖ ತೆಗೆದರೆ ಸಾಕು. ಆದರೆ ಸೊನ್ನೆ ಡಿಗ್ರಿಯ ಅದೇ ನೀರನ್ನು ಸೊನ್ನೆ ಡಿಗ್ರಿಯ ಮಂಜುಗಡ್ಡೆಯಾಗಿಸಲು 80 ಕ್ಯಾಲೊರಿ ತೆಗೆಯಬೇಕು. ಅದಕ್ಕೆ ಸಮಯ ಬೇಕು. ಈಗ ನಯಾಗರದ ಲೆಕ್ಕ ನೋಡಿ. 57 ಮೀಟರ್ ಎತ್ತರದಿಂದ ಬೀಳುವ ನೀರು ಗಾಳಿಯಲ್ಲಿರುವುದು ಮೂರೂವರೆ ಸೆಕೆಂಡು ಮಾತ್ರ. ಚಳಿಗಾಲದಲ್ಲಿ ಕೂಡ ಸೆಕೆಂಡಿಗೆ ಕನಿಷ್ಠ 14 ಲಕ್ಷ ಲೀಟರ್ ನೀರು ಧುಮುಕುತ್ತದೆ. ಅಂದರೆ 10,000 ಲೀಟರ್ ಹಿಡಿಸುವ 140 ಟ್ಯಾಂಕರುಗಳು ಒಂದೊಂದು ಸೆಕೆಂಡಿಗೂ ಖಾಲಿಯಾದಂತೆ! ಇಷ್ಟು ನೀರಿನ ಶಾಖವನ್ನು ಅಷ್ಟು ಬೇಗ ತೆಗೆಯಲು ಯಾವ ಚಳಿಗೂ ಆಗದು. ಸಣ್ಣ ಹನಿಗಳ ಮಾತು ಬೇರೆ. ಅವು ಬೇಗನೆ ಶಾಖ ಕಳೆದುಕೊಳ್ಳುತ್ತವೆ. ತಣ್ಣನೆಯ ಕಂಬಿಯನ್ನೋ ಮರದ ಕೊಂಬೆಯನ್ನೋ ತಾಗಿದೊಡನೆ ಗಟ್ಟಿಯಾಗುತ್ತವೆ.

"ಬೇಸಿಗೆಯಲ್ಲಿ ಇದಕ್ಕಿಂತ ಹೆಚ್ಚು ನೀರಿರುತ್ತಾ?" ಎಂದಳು ಅಮ್ಮ. ಹೌದು. ನಯಾಗರದ ನೀರಿನಿಂದ ಎರಡೂ ದೇಶಗಳು ವಿದ್ಯುತ್ ತಯಾರಿಸುತ್ತವೆ. 1950ರಲ್ಲಿ ಅವು ಒಂದು ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಪ್ರವಾಸಿಗರು ಹೆಚ್ಚಾಗಿ ಬರುವ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹಗಲಿನಲ್ಲಿ ಸೆಕೆಂಡಿಗೆ ಕನಿಷ್ಠ 28 ಲಕ್ಷ ಲೀಟರ್ ನೀರನ್ನು ಜಲಪಾತಕ್ಕೆ ಬಿಡಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ ಅದರ ಅರ್ಧ ಸಾಕು. ಇದನ್ನು ಕೇಳಿ ಅಮ್ಮ ನಕ್ಕಳು. "ನಮ್ಮ ಶರಾವತಿಯ ಕಥೆಯೇ ಇಲ್ಲೂ!" ಎಂದಳು.

ಒಮ್ಮೆ ನಿಂತಿತ್ತು!

ನಯಾಗರ ನಿಂತ ಘಟನೆಯೂ ಚರಿತ್ರೆಯಲ್ಲಿದೆ. 1848ರ ಮಾರ್ಚ್ 29ರಂದು ಜಲಪಾತದ ಸದ್ದು ಅಡಗಿತು. ಜನ ಗಾಬರಿಯಾದರು. ಕಾರಣ ಚಳಿಯಲ್ಲ, ಮಂಜುಗಡ್ಡೆಯ ಅಣೆಕಟ್ಟು! ಈರಿ ಸರೋವರದ ಮೇಲೆ ತೇಲುತ್ತಿದ್ದ ಮಂಜುಗಡ್ಡೆಗಳನ್ನು ಗಾಳಿ ನದಿಯ ಬಾಯಿಗೆ ತಳ್ಳಿತ್ತು. ಅವು ಅಲ್ಲಿ ಸಿಕ್ಕಿಕೊಂಡು ನೀರಿನ ದಾರಿಯನ್ನೇ ಮುಚ್ಚಿದ್ದವು. ಆ ತಡೆ ಒಡೆದ ಮೇಲೆ ನೀರು ಮತ್ತೆ ನುಗ್ಗಿತು.

ಹೀಗೆ ಮಂಜುಗಡ್ಡೆಗಳು ನುಗ್ಗಿ ವಿದ್ಯುತ್ ಕೇಂದ್ರಗಳಿಗೆ ತೊಂದರೆ ಕೊಡಬಾರದಲ್ಲವೇ? ಅದಕ್ಕೆಂದು 1964ರಿಂದ ಪ್ರತಿ ಚಳಿಗಾಲದಲ್ಲೂ ಸರೋವರದ ಬಾಯಿಗೆ ಸುಮಾರು 2.7 ಕಿಲೋಮೀಟರ್ ಉದ್ದದ ತೇಲುವ ತಡೆಯನ್ನು ಕಟ್ಟುತ್ತಾರೆ. ಯಾವಾಗ ಕಟ್ಟುತ್ತಾರೆ ಗೊತ್ತೇ? ಸರೋವರದ ನೀರಿನ ತಾಪ 4 ಡಿಗ್ರಿಗೆ ಇಳಿದಾಗ, ಅಥವಾ ಡಿಸೆಂಬರ್ 16ರಂದು. ಯಾವುದು ಮೊದಲು ಬರುತ್ತದೋ ಆಗ.

ಈ 4 ಡಿಗ್ರಿಯನ್ನು ನೀವು ವಿಜ್ಞಾನ ಪಾಠದಲ್ಲಿ ಓದಿರಬೇಕು. ನೀರಿನ ಸಾಂದ್ರತೆ ಅತಿ ಹೆಚ್ಚಾಗಿರುವುದು 4 ಡಿಗ್ರಿಯಲ್ಲಿ. ಅಲ್ಲಿಯವರೆಗೆ ಮೇಲಿನ ನೀರು ತಣ್ಣಗಾದಂತೆ ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನದು ಮೇಲೆ ಬರುತ್ತದೆ. 4 ಡಿಗ್ರಿಗಿಂತ ತಣ್ಣಗಾದ ನೀರು ಹಗುರ. ಅದು ಮೇಲೆಯೇ ಉಳಿದು ಇನ್ನಷ್ಟು ತಣಿದು ಮಂಜುಗಡ್ಡೆಯಾಗುತ್ತದೆ. ಪಾಠದ ಒಂದು ಸಂಖ್ಯೆ ನದಿಯ ಬಾಯಲ್ಲಿ ಕೆಲಸ ಮಾಡುವವರಿಗೆ ಹೀಗೆ ಗಂಟೆ ಬಾರಿಸುತ್ತದೆ!

ಮಂಜಿನ ಸೇತುವೆ

ಜಲಪಾತದ ಕೆಳಗೆ ಬಿದ್ದ ಮಂಜುಗಡ್ಡೆಗಳು ಒಂದಕ್ಕೊಂದು ಅಂಟಿಕೊಂಡು ಕೆಲವು ವರ್ಷ ದಡದಿಂದ ದಡಕ್ಕೆ ಹರಡುತ್ತವೆ. ಇದೇ ಮಂಜಿನ ಸೇತುವೆ. ಹಿಂದೆ ಜನ ಇದರ ಮೇಲೆ ನಡೆದಾಡುತ್ತಿದ್ದರು. ಸಣ್ಣ ಗುಡಿಸಲು ಹಾಕಿಕೊಂಡು ತಿಂಡಿ, ಪಾನೀಯ ಮಾರುವವರೂ ಇದ್ದರು. ಅಷ್ಟು ಗಟ್ಟಿಯಾಗಿ ಕಾಣುತ್ತಿತ್ತು. ಆದರೆ ಅದರ ಕೆಳಗೆ ನದಿ ಹರಿಯುತ್ತಲೇ ಇತ್ತು. 1912ರ ಫೆಬ್ರವರಿ 4ರಂದು ಆ ಸೇತುವೆ ಒಡೆದು ಮೂವರು ಪ್ರಾಣ ಕಳೆದುಕೊಂಡರು. ಅಂದಿನಿಂದ ಅದರ ಮೇಲೆ ಕಾಲಿಡುವುದನ್ನು ನಿಷೇಧಿಸಿದ್ದಾರೆ.

ಭಾವನವರು ಈ ಘಟನೆ ಹೇಳಿ, "ಗಟ್ಟಿ ಕಾಣುವುದೆಲ್ಲ ಗಟ್ಟಿಯಲ್ಲ. ಹೊರಡುವ ಮುಂಚೆ ನಮ್ಮ ನಿಯಮ ಬರೆದಿಟ್ಟುಕೊಳ್ಳೋಣ" ಎಂದರು.

ಫ್ರಿಜ್ಜಿನ ಮೇಲಿನ ಚೀಟಿ

ನಾಲ್ವರೂ ಕುಳಿತು ಮೂರು ನಿಯಮ ಬರೆದೆವು. ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು.

ಮೊದಲನೆಯದು: ದಾರಿಯ ಯಾವುದೇ ಭಾಗಕ್ಕೆ ಹಿಮಗಾಳಿಯ ಎಚ್ಚರಿಕೆ ಇದ್ದರೆ ಹೊರಡಬಾರದು. ತಣ್ಣನೆಯ ಗಾಳಿ ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಬೀಸುವಾಗ ತೇವವನ್ನು ಹೀರಿಕೊಂಡು ದಡ ತಲುಪಿದೊಡನೆ ಹಿಮವಾಗಿ ಸುರಿಸುತ್ತದೆ. ಈರಿ ಸರೋವರದ ಪೂರ್ವ ತುದಿಯ ಬಫಲೋ ನಗರದ ಬಳಿ 2022ರ ನವೆಂಬರ್‌ನಲ್ಲಿ ಹೀಗೆ ಕೆಲವೇ ದಿನಗಳಲ್ಲಿ ಸುಮಾರು ಎರಡು ಮೀಟರ್ ಹಿಮ ಬಿದ್ದಿತ್ತು. ಈ ಹಿಮದ ಪಟ್ಟಿ ಕಿರಿದಾಗಿರುತ್ತದೆ. ಒಂದು ಊರಲ್ಲಿ ಬಿಸಿಲು, ಪಕ್ಕದ ಊರಲ್ಲಿ ಎದುರಿನ ಕಾರೂ ಕಾಣದಂಥ ಹಿಮ!

ಎರಡನೆಯದು: ಗಾಳಿ ಸೇರಿದ ಚಳಿ ಮೈನಸ್ 20ಕ್ಕಿಂತ ಕೆಳಗಿದ್ದರೆ ಹೊರಡಬಾರದು. ನಮ್ಮ ಮೈಗೆ ಅಂಟಿದಂತೆ ಬೆಚ್ಚನೆಯ ಗಾಳಿಯ ತೆಳು ಪದರವೊಂದಿರುತ್ತದೆ. ಗಾಳಿ ಬೀಸಿದರೆ ಅದು ಹಾರಿಹೋಗುತ್ತದೆ. ತಾಪಮಾಪಕ ಮೈನಸ್ 10 ತೋರಿಸುತ್ತಿದ್ದರೂ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಇದ್ದರೆ ಮೈಗೆ ಮೈನಸ್ 20ರಂತೆ ತಟ್ಟುತ್ತದೆ. ಮೈನಸ್ 28ಕ್ಕೆ ಇಳಿದರೆ ಮುಚ್ಚದ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು.

ಮೂರನೆಯದು: ಏನೇ ಆಗಲಿ, ಮಧ್ಯಾಹ್ನ ಮೂರಕ್ಕೆ ಹಿಂದಿರುಗಬೇಕು. ಅಲ್ಲಿ ಚಳಿಗಾಲದ ಹಗಲು ಬಹಳ ಚಿಕ್ಕದು. ಡಿಸೆಂಬರ್ 21ರ ಸುಮಾರಿಗೆ ಒಂಬತ್ತೇ ಗಂಟೆ. ಅದೇ ದಿನ ಬೆಂಗಳೂರಿನಲ್ಲಿ ಹನ್ನೊಂದು ಗಂಟೆಗೂ ಹೆಚ್ಚು ಹಗಲಿರುತ್ತದೆ.

ಕಾರಿನಲ್ಲಿ ಕಂಬಳಿ, ತಿಂಡಿ, ನೀರು, ಟಾರ್ಚು, ಹಿಮ ಎತ್ತುವ ಸಲಿಕೆ ಇಟ್ಟೆವು. ಹಿಮದಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆಯಬಾರದು. ಬೆಚ್ಚಗಿರಲು ಎಂಜಿನ್ ಓಡಿಸುವ ಮುಂಚೆ ಹೊಗೆ ಕೊಳವೆಯ ಬಾಯಿಂದ ಹಿಮ ತೆಗೆಯಬೇಕು. ಇಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಮೊದಲ ಶನಿವಾರ

ಬೆಳಿಗ್ಗೆ ಆರಕ್ಕೆ ಹವಾಮಾನ ವರದಿ ನೋಡಿದೆವು. ನಯಾಗರದ ಕಡೆಗೆ ಹಿಮಗಾಳಿಯ ಎಚ್ಚರಿಕೆ ಇತ್ತು. ಟೊರಾಂಟೊದಲ್ಲಿ ಮಾತ್ರ ಚೆಲುವಾದ ಬಿಸಿಲು! ಅಮ್ಮ ಆಗಲೇ ಸೀರೆಯ ಮೇಲೆ ದಪ್ಪ ಕೋಟು ತೊಟ್ಟು ಸಿದ್ಧಳಾಗಿದ್ದಳು. ಕಿಟಕಿಯತ್ತ ನೋಡಿದಳು, ಚೀಟಿಯತ್ತ ನೋಡಿದಳು. ಯಾರೂ ಮಾತಾಡಲಿಲ್ಲ. ಮುಂದಿನ ಶನಿವಾರವೂ ಹೀಗೇ ಆದರೆ ಅವಳ ಆಸೆ ಆಸೆಯಾಗಿಯೇ ಉಳಿಯುತ್ತಿತ್ತು.

"ಅಮ್ಮ, ನೀನೇ ಹೇಳು" ಎಂದಳು ಅಕ್ಕ.

ಅಮ್ಮ ಕೋಟು ಬಿಚ್ಚುತ್ತ, "ಬಿಸಿಲು ನೋಡಿ ಬದಲಾಯಿಸೋದಾದರೆ ಚೀಟಿ ಯಾಕೆ ಬರೆದಿದ್ದು? ದೋಸೆ ಹುಯ್ಯೋಣ ಬಾ" ಎಂದಳು.

ಅಂದು ದಾರಿಯಲ್ಲಿ ನಿಜಕ್ಕೂ ಹಿಮ ಸುರಿಯಿತೇ ಎಂದು ನಾವು ಆಮೇಲೆ ವಿಚಾರಿಸಲಿಲ್ಲ. ಹಿಮ ಬೀಳದೇ ಇದ್ದಿದ್ದರೂ ನಮ್ಮ ತೀರ್ಮಾನ ಸರಿಯೇ. ಹವಾಮಾನ ವರದಿ ಹೇಳುವುದು ಸಂಭವವನ್ನು. ಏನಾಗಬಹುದು ಎಂದು ಗೊತ್ತಿರುವಾಗ ಏನು ಮಾಡಬೇಕು ಎಂಬುದನ್ನು ನಾವು ನಿರ್ಧರಿಸಬೇಕು.

ಕೊನೆಗೂ ಹೋದೆವು

ಮುಂದಿನ ಶನಿವಾರ ಎಚ್ಚರಿಕೆ ಏನೂ ಇರಲಿಲ್ಲ. ತಾಪ ಮೈನಸ್ 7, ಗಾಳಿ ಗಂಟೆಗೆ 15 ಕಿಲೋಮೀಟರ್, ಎರಡೂ ಸೇರಿ ಮೈನಸ್ 13ರ ಚಳಿ. ರಸ್ತೆಗೆ ಉಪ್ಪು ಚೆಲ್ಲಿದ್ದರು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗಿನ ತಾಪ ಬೇಕು. ಹೀಗಾಗಿ ರಸ್ತೆ ಜಾರುವುದು ಕಡಿಮೆಯಾಗುತ್ತದೆ.

ಜಲಪಾತ ಕಾಣುವ ಮುಂಚೆ ಅದರ ಸದ್ದು ಕೇಳಿಸಿತು. ಆಮೇಲೆ ಬಿಳಿಯ ಹಬೆಯಂತೆ ಮೇಲೇಳುವ ತುಂತುರು ಕಂಡಿತು. ದಡದ ಕಂಬಿಗಳ ಮೇಲೆ ಅಂಗೈ ದಪ್ಪದ ಮಂಜುಗಡ್ಡೆ. ಒಂದೊಂದು ಮರವೂ ಗಾಜಿನಲ್ಲಿ ಅದ್ದಿ ತೆಗೆದಂತಿತ್ತು. ಬೇಸಿಗೆಯಲ್ಲಿ ಓಡಾಡುವ ದೋಣಿಗಳು ಚಳಿಗಾಲದಲ್ಲಿ ಇರುವುದಿಲ್ಲ. ಆದರೆ ಕೆನಡಾ ದಡದಲ್ಲಿ ಬಂಡೆಯೊಳಗೆ ಕೊರೆದ ಸುರಂಗವಿದೆ. ಅದರಲ್ಲಿ ಹೋಗಿ ಜಲಪಾತವನ್ನು ಹಿಂಬದಿಯಿಂದ ನೋಡಿದೆವು. ನೆಲ ಸಣ್ಣಗೆ ನಡುಗುತ್ತಿತ್ತು.

ಅಮ್ಮ ಕಂಬಿಯಿಂದ ಎರಡು ಹೆಜ್ಜೆ ಹಿಂದೆಯೇ ನಿಂತು ಬಹಳ ಹೊತ್ತು ನೋಡಿದಳು. "ಸುತ್ತ ಎಲ್ಲ ನಿಂತುಬಿಟ್ಟಿದೆ, ಇದೊಂದು ನಿಂತಿಲ್ಲ ನೋಡು" ಎಂದಳು. ಅವಳ ಶಾಲಿನ ಅಂಚಿನಲ್ಲಿ ತುಂತುರು ಮಣಿಮಣಿಯಾಗಿ ಹೆಪ್ಪುಗಟ್ಟಿತ್ತು. ಮೂರು ಗಂಟೆಗೆ ಸರಿಯಾಗಿ, "ಹೊರಡೋಣ" ಎಂದವಳೂ ಅವಳೇ.

ನಿಮ್ಮ ಪ್ರವಾಸಕ್ಕೆ

ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದರೆ ಮಳೆಗಾಲದಲ್ಲಿ ಜಲಪಾತದ ಬಂಡೆಗಳ ಮೇಲೆ ಪಾಚಿ ಬೆಳೆದು ಜಾರುತ್ತದೆ. ನೀವು ನಿಂತ ಕಡೆ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಸುರಿದ ಮಳೆಯಿಂದ ಹೊಳೆ ಒಮ್ಮೆಲೇ ಏರಬಹುದು. ಶಾಲೆಯಿಂದ ಪ್ರವಾಸ ಹೊರಡುವಾಗ ನಿಮ್ಮ ಗುರುಗಳ ಜೊತೆ ಕುಳಿತು ನೀವೂ ಒಂದು ಚೀಟಿ ಬರೆಯಿರಿ. ಯಾವಾಗ ಹೋಗಬೇಕು ಎಂದು ಬರೆದರೆ ಸಾಲದು. ಏನಾದರೆ ಹೋಗಬಾರದು, ಎಲ್ಲಿಗಿಂತ ಮುಂದೆ ಕಾಲಿಡಬಾರದು, ಎಷ್ಟು ಹೊತ್ತಿಗೆ ಹಿಂದಿರುಗಬೇಕು ಎಂದೂ ಬರೆಯಿರಿ. ಜಲಪಾತದ ಎದುರು ನಿಂತಾಗ ಉತ್ಸಾಹ ಹೆಚ್ಚು, ಯೋಚನೆ ಕಡಿಮೆ. ಆದ್ದರಿಂದ ಯೋಚನೆಯನ್ನು ಮನೆಯಲ್ಲೇ ಮುಗಿಸಿರಬೇಕು.

ಮಾಡಿ ನೋಡಿ

ಎರಡು ಸ್ಟೀಲ್ ಲೋಟಗಳಲ್ಲಿ ಪುಡಿ ಮಾಡಿದ ಮಂಜುಗಡ್ಡೆ ತುಂಬಿ. ಒಂದಕ್ಕೆ ಮೂರು ನಾಲ್ಕು ಚಮಚ ಉಪ್ಪು ಹಾಕಿ ಚೆನ್ನಾಗಿ ಕಲಕಿ. ಎರಡೂ ಲೋಟಗಳ ಹೊರಮೈಯನ್ನು ಒಣ ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಬಿಡಿ. ಒಂದರ ಹೊರಗೆ ನೀರಹನಿ ಕೂರುತ್ತದೆ. ಇನ್ನೊಂದರ ಹೊರಗೆ ಬಿಳಿಯ ತೆಳು ಪದರ ಕಾಣುತ್ತದೆ. ಉಗುರಿನಿಂದ ಕೆರೆದು ನೋಡಿ. ಉಪ್ಪಿನ ಲೋಟವನ್ನು ಮಾತ್ರ ಬಹಳ ಹೊತ್ತು ಕೈಯಲ್ಲಿ ಹಿಡಿಯಬೇಡಿ.

ನಯಾಗರದ ದಡದ ಕಂಬಿಗೂ ಈ ಲೋಟಕ್ಕೂ ಇರುವ ಹೋಲಿಕೆ ಏನು? ಎರಡು ಲೋಟಗಳ ಹೊರಮೈ ಬೇರೆ ಬೇರೆಯಾಗಿ ಕಾಣುವುದೇಕೆ? ಗೆಳೆಯರೊಂದಿಗೆ ಚರ್ಚಿಸಿ ಉತ್ತರ ಬರೆಯಿರಿ.