ಅಜ್ಜಿ ಮರೀತಾರೆ, ಅಕ್ಕ ಮರೀತಾಳಾ?

ಇವತ್ತಿಂದು ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ಅರವತ್ತಕ್ಕೆ ಅರಳುಮರಳು ಅಂತ ಒಂದು ಗಾದೆ ಕಟ್ಟಿ ನಾವು ಒಂದು ಕಾಯಿಲೆಯನ್ನೇ ಮುಚ್ಚಿಹಾಕಿಬಿಟ್ಟಿದ್ದೇವೆ. ವಯಸ್ಸಾದರೆ ಸಣ್ಣಪುಟ್ಟ ಮರೆವು ಸಹಜ. ಆದರೆ ಉಂಡದ್ದು ಮರೆತು ಮತ್ತೆ ಅನ್ನ ಕೇಳೋದು, ಹುಟ್ಟಿ ಬೆಳೆದ ಬೀದಿಯಲ್ಲೇ ದಾರಿ ತಪ್ಪೋದು, ಹೆತ್ತ ಮಗನನ್ನೇ 'ನೀನ್ಯಾರಪ್ಪ' ಅನ್ನೋದು ವಯಸ್ಸಲ್ಲ, ಡಿಮೆನ್ಷಿಯಾ. ಮಿದುಳು ಸವೆಯೋ ಕಾಯಿಲೆ. 2023ರಲ್ಲಿ ಪ್ರಕಟವಾದ ದೇಶಮಟ್ಟದ ಲಾಸಿ-ಡ್ಯಾಡ್ ಅಧ್ಯಯನದ ಪ್ರಕಾರ 60 ದಾಟಿದವರಲ್ಲಿ ಶೇ. 7.4 ಜನಕ್ಕೆ ಇದು ಇದೆ, ಅಂದರೆ ಹತ್ತಿರಹತ್ತಿರ 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಹಳ್ಳಿ, ಹೆಂಗಸು, ಓದಿಲ್ಲ. ಮೂರೂ ಸೇರಿಸಿ ನೋಡಿ, ಯಾರ ಮುಖ ಕಣ್ಣಮುಂದೆ ಬರುತ್ತೆ? ನನಗಂತೂ ನಮ್ಮ ಕೇರಿಯ ಅವ್ವಂದಿರದ್ದೇ.

ಆದರೆ ಅವರು ವೃದ್ಧಾಶ್ರಮಕ್ಕೆ ಹೋಗೋದಿಲ್ಲ. ಸಂಧ್ಯಾ ಸುರಕ್ಷಾ ಅಂತ ತಿಂಗಳಿಗೆ ಬರೋ 1200 ರೂಪಾಯಲ್ಲಿ ಯಾವ ಆಶ್ರಮ? ಸೊಸೆ ಕೂಲಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗ್ತಾಳೆ. ಅದನ್ನು ಕ್ರೌರ್ಯ ಅಂತ ನಾನು ಬರೆಯಲ್ಲ. ಕೂಲಿ ಬಿಟ್ಟರೆ ಇಬ್ಬರೂ ಉಪವಾಸ.

ನಮ್ಮವರು ಆಶ್ರಮಕ್ಕೆ ಹೋಗೋದು ಇನ್ನೊಂದು ಬಾಗಿಲಿಂದ. ಆಯಾ ಆಗಿ. ಹಾಸನ, ಚನ್ನರಾಯಪಟ್ಟಣದ ಕಡೆ ನಾನು ಕಂಡ ಆಶ್ರಮಗಳಲ್ಲಿ ಮೈ ತೊಳೆಸೋರು, ಬಟ್ಟೆ ಬದಲಿಸೋರು, ರಾತ್ರಿ ಪಾಳಿಯಲ್ಲಿ ಒಬ್ಬರೇ ಕೂರೋರು ಬಹುಪಾಲು ಅರಕಲಗೂಡು, ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಗಳಿಂದ ಬಂದ ನಮ್ಮ ಹೆಣ್ಣುಮಕ್ಕಳು. ಶಕ್ತಿ ಯೋಜನೆ ಬಂದಮೇಲೆ ಬಸ್ ಚಾರ್ಜ್ ಉಳಿದಿದೆ, ಅಷ್ಟೇ. ಕೆಲಸ ಕಲಿಸೋರು ಯಾರೂ ಇಲ್ಲ. 'ಮನೇಲಿ ಮುದುಕರನ್ನ ನೋಡ್ಕೊಂಡಿದ್ದೀಯಲ್ಲ, ಇಲ್ಲೂ ಹಂಗೇ' ಅಂತಾರೆ. ಇದು ನಮಗೆ ಹಳೇ ಮಾತು. ನಾವು ಮಾಡೋ ಕೆಲಸಕ್ಕೆ ಕಲಿಕೆ ಬೇಕಿಲ್ಲ, ಅದು ಹುಟ್ಟಿನಿಂದಲೇ ಬರುತ್ತೆ ಅನ್ನೋದನ್ನೇ ಚರ್ಮದ ಕೆಲಸಕ್ಕೆ, ಕಕ್ಕಸು ಬಳಿಯೋ ಕೆಲಸಕ್ಕೆ ಅಂದರು. ತಲೆ ಮೇಲೆ ಮಲ ಹೊರೋದನ್ನು ನಿಲ್ಲಿಸಿದ ಬಿ. ಬಸವಲಿಂಗಪ್ಪನವರ ನಾಡು ಇದು. ಇಲ್ಲೇ ಕೈಗವಸು ಕೇಳಿದ ಆಯಾಗೆ 'ನಿಂಗೇನು ಅಸಹ್ಯನಾ' ಅಂತ ಕೇಳ್ತಾರೆ.

ನಮ್ಮ ದೊಡ್ಡಪ್ಪನ ಮಗಳು, ನನಗೆ ಅಕ್ಕ, ಅಂಥ ಒಂದು ಕಡೆ ಇದ್ದಾಳೆ. ಜಾಗದ ಹೆಸರು ಬೇಡ, ಅವಳ ಅನ್ನ ಅಲ್ಲಿದೆ. ಮೊದಲು ಅರಕಲಗೂಡು ಸೀಮೆಯಲ್ಲಿ ಬ್ಯಾರನ್ ಕೆಲಸ, ಕಡ್ಡಿಗೆ ಹೊಗೆಸೊಪ್ಪು ಕಟ್ಟೋದು ಮಾಡ್ತಿದ್ದಳು. ಅಲ್ಲಿ ಒಬ್ಬ ಅಜ್ಜಿ ರಾತ್ರಿ ಮಂಚದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಮಕ್ಕಳು ಗಲಾಟೆ ಮಾಡಿದ್ದಕ್ಕೆ, ಬೆಂಗಳೂರಿಂದ ಒಬ್ಬ ನರ್ಸಮ್ಮನನ್ನು ಕರೆಸಿ ಎರಡು ದಿನ ತರಬೇತಿ ಕೊಡಿಸಿದರು. ಅಕ್ಕ ಅದನ್ನೆಲ್ಲ ನನಗೆ ಫೋನಲ್ಲಿ ಒಪ್ಪಿಸಿದಳು. ನಲವತ್ತೆಂಟು ವಯಸ್ಸಲ್ಲಿ ಯಾರೋ ಮೊದಲ ಸಲ ಅವಳನ್ನು ಕುರ್ಚಿ ಮೇಲೆ ಕೂರಿಸಿ ಪಾಠ ಹೇಳಿದ್ದರು, ಆ ಖುಷಿ ದನಿಯಲ್ಲೇ ಗೊತ್ತಾಗ್ತಿತ್ತು.

ಹಿಂದಿನಿಂದ ಹೋಗಿ ಮುಟ್ಟಬಾರದು, ಎದುರಿಗೆ ಬಂದು, ಬಗ್ಗಿ, ಕಣ್ಣಿಗೆ ಕಣ್ಣು ಸೇರಿಸಿ ಮಾತಾಡಬೇಕು. ಒಂದು ಸಲಕ್ಕೆ ಒಂದೇ ಮಾತು. 'ಏಳಿ, ಸೀರೆ ಸರಿ ಮಾಡ್ಕೊಳ್ಳಿ, ಊಟಕ್ಕೆ ಬನ್ನಿ' ಅಂದರೆ ಮೂರೂ ಕೆಡುತ್ತೆ. 'ನಾನ್ಯಾರು ಹೇಳಿ ನೋಡೋಣ' ಅಂತ ಪರೀಕ್ಷೆ ಮಾಡಬಾರದು. ಇದ್ದಕ್ಕಿದ್ದಂತೆ ಕಿರುಚಾಡಿದರೆ ಹಟ ಅಂತ ತಿಳೀಬೇಡಿ, ನೋವಿರಬಹುದು, ಮಲಬದ್ಧತೆ ಇರಬಹುದು, ಮೂತ್ರದ ಸೋಂಕಿರಬಹುದು, ಅದನ್ನು ಬಾಯಲ್ಲಿ ಹೇಳೋಕೆ ಬರದೆ ಕಿರುಚ್ತಾರೆ. ಸ್ನಾನಕ್ಕೆ ತಲೆ ಮೇಲೆ ನೀರು ಸುರೀಬೇಡಿ, ಮೊದಲು ಕಾಲಿಗೆ ಹಾಕಿ, ಮೈ ಮೇಲೆ ಟವೆಲ್ ಇರಲಿ, ಮಾನ ಹೋಗುತ್ತೆ ಅನ್ನೋ ಭಯ ಕೊನೇತನಕ ಇರುತ್ತೆ.

ಮುದ್ದೆ ವಿಷಯ ನನಗೇ ಹೊಳೆದಿರಲಿಲ್ಲ. ನಮ್ಮ ಕಡೆ ಮುದ್ದೆ ಅಗಿಯಲ್ಲ, ನುಂಗ್ತೀವಿ. ಈ ಕಾಯಿಲೆ ಮುಂದುವರಿದಾಗ ಮಿದುಳಿಗೆ ನುಂಗೋದೇ ಮರೆತುಹೋಗುತ್ತೆ. ತುತ್ತು ಶ್ವಾಸನಾಳಕ್ಕೆ ಇಳಿದರೆ ಉಸಿರು ಕಟ್ಟುತ್ತೆ, ಇಲ್ಲಾ ನ್ಯುಮೋನಿಯಾ ಆಗುತ್ತೆ. ಊಟ ಮಾಡ್ತಾ ಕೆಮ್ಮು ಶುರುವಾದರೆ ಮುದ್ದೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ನೆಟ್ಟಗೆ ಕೂರಿಸಿ, ಗಟ್ಟಿ ಗಂಜಿ ಚಮಚದಲ್ಲಿ, ಒಂದು ಇಳಿದ ಮೇಲೆ ಇನ್ನೊಂದು. ಇಪ್ಪತ್ತು ಜನಕ್ಕೆ ಇಬ್ಬರು ಆಯಾ ಇರೋ ಕಡೆ ಅಷ್ಟು ಹೊತ್ತು ಎಲ್ಲಿಂದ ತರೋದು ಅಂತ ಅಕ್ಕ ಕೇಳಿದಳು. ನರ್ಸಮ್ಮ ಮ್ಯಾನೇಜರ್ ಮುಖ ನೋಡಿದರಂತೆ.

ಸಂಜೆಯಾದರೆ ಒಬ್ಬ ಅಜ್ಜಿ 'ಹಸು ಕಟ್ಟಬೇಕು, ಮನೆಗೆ ಬಿಡ್ರೀ' ಅಂತ ಬಾಗಿಲು ಗುದ್ದುತ್ತಾರೆ. ಹಸು ಸತ್ತು ಎಷ್ಟೋ ವರ್ಷ ಆಗಿದೆ. ಹಾಗಂತ ಹೇಳಿದರೆ ಆಗಷ್ಟೇ ಸತ್ತಹಾಗೆ ಅಳ್ತಾರೆ. 'ಎಷ್ಟು ಹಾಲು ಕೊಡ್ತಿತ್ತು ಅಜ್ಜಿ?' ಅಂತ ಕೇಳಿ, ಅವರೆಕಾಯಿ ಮುಂದಿಟ್ಟು ಬಿಡಿಸೋಕೆ ಕೊಡಿ, ಕೈಗೆ ಕೆಲಸ ನೆನಪಿರುತ್ತೆ ಅಂದರಂತೆ. ಅಕ್ಕ ಮಾಡಿ ನೋಡಿದಳು. ಆ ಸಂಜೆ ಸೀರೆ ಹರಿದು ಮಂಚಕ್ಕೆ ಕೈ ಕಟ್ಟೋದು ತಪ್ಪಿತು.

ಎರಡನೇ ದಿನದ ಕೊನೆಗೆ 'ಏನಾದರೂ ಕೇಳೋದಿದೆಯಾ' ಅಂದಾಗ ಅಕ್ಕ ಎದ್ದು ನಿಂತಳು.

ಅದೇ ಹಸುವಿನ ಅಜ್ಜಿ ದಿನಕ್ಕೆ ಹತ್ತು ಸಲ ಅಕ್ಕನ್ನ ಕೇಳ್ತಾರೆ: 'ಯಾವೂರವ್ವ? ಯಾವ ಜನ ನೀವು?' ನಿಜ ಹೇಳಿದರೆ ಲೋಟ ಎಸೀತಾರೆ, ಮುಟ್ಟಬೇಡ ಅಂತ ಚೀರ್ತಾರೆ, ಜಾತಿ ಹಿಡಿದು ಬೈತಾರೆ. ಐದು ನಿಮಿಷಕ್ಕೆ ಮರೆತು ಮತ್ತೆ ಅಕ್ಕನ ಕೈ ಹಿಡಿದು 'ಯಾವೂರವ್ವ?' ಮಗನ ಹೆಸರು ಹೋಗಿದೆ, ಗಂಡ ಸತ್ತದ್ದು ಹೋಗಿದೆ, ಜಾತಿ ಮಾತ್ರ ಹೋಗಿಲ್ಲ. ಮ್ಯಾನೇಜರ್ ಹೇಳಿದ ಉಪಾಯ: 'ನಿಮ್ಮೋರೇ ಅಜ್ಜಿ ಅಂದ್ಬಿಡು, ಹೆಂಗೂ ಮರ್ತೋಗ್ತಾರೆ.' ಅಕ್ಕ ಸಭೇಲಿ ಕೇಳಿದ್ದು ಇಷ್ಟೇ: 'ಅವರು ಮರೀತಾರೆ ಸಿಸ್ಟರ್. ನಾನು ಮರೀತೀನಾ?'

ಹಸು ಬದುಕಿದೆ ಅಂತ ಒಪ್ಪಿಕೊಳ್ಳೋದೂ ಸುಳ್ಳೇ, ಇದೂ ಸುಳ್ಳೇ. ಆದರೆ ಮೊದಲನೇದು ಅಜ್ಜಿಗೆ ಕೊಡೋ ಸಮಾಧಾನ. ಎರಡನೇದಕ್ಕೆ ಅಕ್ಕ ದಿನಕ್ಕೆ ಹತ್ತು ಸಲ ತನ್ನ ಅವ್ವ ಅಪ್ಪನ್ನ ಇಲ್ಲ ಅನ್ನಬೇಕು. ನರ್ಸಮ್ಮ ಒಳ್ಳೆಯವರು, ಜಾರಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸುಳ್ಳು ಹೇಳಬೇಡಿ. ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತಿಲ್ಲ. ನಾನು ನಿಮ್ಮನ್ನ ನೋಡ್ಕೊಳ್ಳೋಳು ಅಜ್ಜಿ, ನೀರು ಕಾದಿದೆ ಬನ್ನಿ ಅನ್ನಿ. ಬೈದರೆ ಅಲ್ಲಿಂದ ಎದ್ದು ಬರೋ ಹಕ್ಕು ನಿಮಗಿದೆ, ಆಗ ಇನ್ನೊಬ್ಬರು ಹೋಗಬೇಕು' ಅಂದರಂತೆ. ನಂಗೆ ಇದು ಸರಿ ಅನಿಸಿತು. ಆದರೆ ಆ ಇನ್ನೊಬ್ಬರು ಯಾರು ಅನ್ನೋದು ಮುಖ್ಯ. 'ಮೇಲಿನ ಜಾತಿ' ಆಯಾನೇ ಹುಡುಕಿ ಅಜ್ಜಿ ಹತ್ತಿರ ಬಿಟ್ಟರೆ, ಅಜ್ಜಿಯ ಕಾಯಿಲೆ ಆಶ್ರಮದ ನಿಯಮ ಆಗಿಬಿಡುತ್ತೆ.

ಇದನ್ನು ಹೇಳಿದಾಗ ಇಬ್ಬರು ಸಂಗಾತಿಗಳು 'ಅಟ್ರಾಸಿಟಿ ಕೇಸ್ ಹಾಕ್ಸಿ' ಅಂದರು. ಯಾರ ಮೇಲೆ? ಬೈದದ್ದು ತನಗೇ ಗೊತ್ತಿಲ್ಲದ ಎಂಬತ್ತು ದಾಟಿದ ಅಜ್ಜಿ ಮೇಲೆ ಬೇಡ. ಆದರೆ ಅದೇ ಆಶ್ರಮದ ಅಡುಗೆಮನೇಲಿ ಆಯಾಗಳಿಗೆ ಬೇರೆ ಲೋಟ ಇದೆ. ಅದನ್ನು ಇಟ್ಟವರಿಗೆ ಮರೆವಿನ ಕಾಯಿಲೆ ಇಲ್ಲ. ಸಿಗರನಹಳ್ಳಿ, ದಿಂಡಗೂರು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥವರ ವಿಚಾರಕ್ಕೆ ಕಾನೂನು ಇದೆ.

ಕಾನೂನು ಅಂದಮೇಲೆ ಗುಮಾಸ್ತನಾಗಿ ಎರಡು ಮಾತು. 2007ರ ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಂ, ಪ್ರತಿ ಜಿಲ್ಲೆಯಲ್ಲಿ 150 ಬಡ ವೃದ್ಧರಿಗಾದರೂ ಸಾಕಾಗೋ ಆಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸ'ಬಹುದು' ಅನ್ನುತ್ತೆ. ಸರ್ಕಾರಿ ಕಡತದಲ್ಲಿ 'ಬಹುದು' ಅಂದರೆ ಏನು ಅಂತ ನನ್ನಂಥವರಿಗೆ ಚೆನ್ನಾಗಿ ಗೊತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯಾನದಲ್ಲಿ ನೆನಪಿನ ತೀವ್ರ ದೋಷವೂ ಸೇರಿದೆ. ಸಿಬ್ಬಂದಿ ಕಡಿಮೆ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಕಟ್ಟಿಹಾಕಬಾರದು ಅಂತ ಅದರ 97ನೇ ಕಲಂ ಹೇಳುತ್ತೆ. ಅದು ವೃದ್ಧಾಶ್ರಮಕ್ಕೂ ಅನ್ವಯಿಸುತ್ತೆ ಅಂತ ನಮ್ಮ ವಕೀಲ ಮಿತ್ರರು ವಾದ ಮಾಡಲಿ. ಕೈ ಕಟ್ಟೋದು ಬಿಟ್ಟು ಮಾತ್ರೆ ಕೊಟ್ಟು ಮಲಗಿಸೋದೂ ಪರಿಹಾರ ಅಲ್ಲ. ಡಿಮೆನ್ಷಿಯಾ ಇರೋ ವೃದ್ಧರಿಗೆ ಆಂಟಿಸೈಕಾಟಿಕ್ ಮಾತ್ರೆ ಕೊಟ್ಟರೆ ಸಾವಿನ ಅಪಾಯ ಹೆಚ್ಚು ಅಂತ ಅಮೆರಿಕದ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ.

ಕಲಿಸೋರು ಇಲ್ಲ ಅನ್ನೋ ನೆಪ ಬೇಡ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 1998ರಿಂದ ವೃದ್ಧರಿಗಾಗಿ ಕೆಲಸ ಮಾಡ್ತಿದೆ, ಕಸ್ತೂರಿನಗರದಲ್ಲಿ ಡಿಮೆನ್ಷಿಯಾದವರಿಗೇ ಒಂದು ಕೇಂದ್ರ ನಡೆಸ್ತಿದೆ, ಆರೈಕೆ ಮಾಡೋರಿಗೆ ತರಬೇತಿ ಕೊಡುತ್ತೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿವೆ. ಹಾಸನದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಇವರನ್ನೆಲ್ಲ ಸೇರಿಸಿ ಜಿಲ್ಲೆಯ ಆಯಾಗಳಿಗೆ ಕನ್ನಡದಲ್ಲಿ, ಸಂಬಳ ಹಿಡೀದೆ, ಸರ್ಟಿಫಿಕೇಟ್ ಸಮೇತ ಕಲಿಸೋದು ಆಗದ ಕೆಲಸವೇನಲ್ಲ. ಸರ್ಟಿಫಿಕೇಟ್ ಇದ್ದರೆ ನಾಳೆ ಸಂಬಳ ಹೆಚ್ಚು ಕೇಳಬಹುದು. ಆ ಪಾಠದಲ್ಲಿ ಅಕ್ಕನ ಪ್ರಶ್ನೆಗೂ ಒಂದು ದಿನ ಮೀಸಲಿರಬೇಕು.

ಏಪ್ರಿಲ್ 14ಕ್ಕೆ ನಾವೆಲ್ಲ ಆಶ್ರಮಕ್ಕೆ ಹೋಗಿ ಹಣ್ಣು, ಬ್ರೆಡ್ ಹಂಚಿ ಫೋಟೋ ಹಾಕ್ತೀವಿ. ಈ ಸಲ ಹೋದಾಗ ಆಯಾ ಜೊತೆ ಹತ್ತು ನಿಮಿಷ ಕೂತ್ಕೊಳ್ಳಿ. ರಾತ್ರಿ ಪಾಳಿಗೆ ಎಷ್ಟು ಜನ, ಕೈಗವಸು ಕೊಡ್ತಾರಾ, ಯಾರಾದರೂ ಏನಾದರೂ ಕಲಿಸಿದ್ದಾರಾ, ಟೀ ಯಾವ ಲೋಟದಲ್ಲಿ ಕುಡೀತೀರಾ ಅಂತ ಕೇಳಿ. ಅವರ ಹೆಸರು ಬೇಡ, ತಾಲ್ಲೂಕು ಸಾಕು. ನನಗೆ ಇನ್‌ಬಾಕ್ಸ್ ಮಾಡಿ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ, ಡಿಸಿ ಸಾಹೇಬರಿಗೆ ಮನವಿ ನಾನೇ ಟೈಪ್ ಮಾಡ್ತೀನಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಅಲ್ಲಿಂದ ಏಳಲ್ಲ.

ಜೈಭೀಮ್.