‘ಕೊಟ್ಟೇನ್ರಿ’ ಅಂದರೆ ಏನು ಕೊಟ್ಟಂತೆ?

ಸಮೀಕ್ಷೆಯವರು ಬಾಗಿಲಿಗೆ ಬಂದು, “ಕೂಸಿಗೆ ಭೇದಿ ಆದಾಗ ಓಆರ್‌ಎಸ್ ಕೊಟ್ಟಿದ್ರೇನ್ರಿ ಅಕ್ಕಾರ?” ಅಂತ ಕೇಳಿದರೆ ನಾವು ಏನೆನ್ನುತ್ತೇವೆ, ನೀವೇ ಹೇಳಿ. ಬಂದವರೆದುರು ‘ಇಲ್ಲ’ ಅನ್ನಲು ಸಂಕೋಚ, “ಕೊಟ್ಟೇನ್ರಿ” ಅಂದುಬಿಡುತ್ತೇವೆ! ಅದೇ ಅಂಕಿಯಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹಿಂದಿನ ಎರಡು ವಾರಗಳಲ್ಲಿ ಭೇದಿಯಾಗಿದ್ದ ಐದು ವರ್ಷದೊಳಗಿನ ಮಕ್ಕಳ ಪೈಕಿ ದೇಶದಲ್ಲಿ ಶೇ. 60.6ರಷ್ಟು ಮಕ್ಕಳಿಗೆ ಓಆರ್‌ಎಸ್ ಸಿಕ್ಕಿದೆಯಂತೆ. ಸಂತೋಷವೇ. ಆದರೂ ನನ್ನದೊಂದು ತಕರಾರಿದೆ.

ಎಷ್ಟು ನೀರಿಗೆ ಕಲಸಿದಿರಿ? 20.5 ಗ್ರಾಂ ಪೊಟ್ಟಣಕ್ಕೆ ಪೂರಾ ಒಂದು ಲೀಟರ್ ನೀರು ಬೇಕು. ಒಂದೇ ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಕೂಸಿಗೇ ಅಪಾಯ. ಹಾಗೆ ಕುಡಿಸಿದವಳೂ “ಕೊಟ್ಟೇನ್ರಿ” ಅನ್ನುತ್ತಾಳೆ, ಅಳೆದು ಕುಡಿಸಿದವಳೂ “ಕೊಟ್ಟೇನ್ರಿ” ಅನ್ನುತ್ತಾಳೆ. ಹೆಸರಿನಲ್ಲಿ ಓಆರ್‌ಎಸ್ ಇಟ್ಟುಕೊಂಡ ಸಿಹಿ ಪಾನೀಯದ ಡಬ್ಬಿ ತಂದವಳದ್ದೂ ಅದೇ ಉತ್ತರ. ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದ್ದು 2025ರ ಅಕ್ಟೋಬರಿನಲ್ಲಿ!

ಇನ್ನು ನಮ್ಮ ಊರುಗಳ ಲೆಕ್ಕ. ಗೋಕಾಕ, ಮೂಡಲಗಿ, ಹುಕ್ಕೇರಿ ಅಂತ ಬೇರೆ ಬೇರೆ ಹುಡುಕಬೇಡಿ, ಎಲ್ಲವೂ ಬೆಳಗಾವಿ ಜಿಲ್ಲೆಯ ಒಂದೇ ಸಾಲಿನಲ್ಲಿ ಅಡಗಿವೆ. ಜಿಲ್ಲೆಯ ಅಂಕಿ ಕಂಸದೊಳಗಿದ್ದರೆ ಅದು 25ರಿಂದ 49 ಮಕ್ಕಳ ಮೇಲೆ ನಿಂತ ಅಂಕಿ. 25ಕ್ಕೂ ಕಡಿಮೆಯಿದ್ದರೆ ಬರೀ ನಕ್ಷತ್ರ. ಈ ಗುರುತುಗಳನ್ನು ಯಾರು ನೋಡುತ್ತಾರೆ? ಅಂಕಿ ಚೆನ್ನಾಗಿದೆಯೆಂದು ಮೇಲಿನವರು ಸುಮ್ಮನಾದರೆ, ಬಾಡುವುದು ನಮ್ಮ ಮಕ್ಕಳು.

ಬಾಯಿಮಾತು ನಂಬದೆ ಕಣ್ಣಾರೆ ನೋಡಿದ ಅಧ್ಯಯನವೊಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ, 2000ಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ, ಎರಡು ವರ್ಷದ ಮಗುವಿಗೆ ಭೇದಿಯೆಂದು ನಟಿಸುವವರನ್ನು ಕಳುಹಿಸಿದರು. ಓಆರ್‌ಎಸ್ ಬರೆಯದಿರಲು ಔಷಧಿ ದಾಸ್ತಾನು ಇಲ್ಲದ್ದು ಶೇ. 6ರಷ್ಟು, ಲಾಭದಾಸೆ ಶೇ. 5ರಷ್ಟು ಕಾರಣ. ‘ಇವರಿಗೆ ಇದು ಬೇಡವಾಗಿರುತ್ತದೆ’ ಎಂಬ ಅವರ ಊಹೆಯ ಪಾಲು ಶೇ. 42! ನಾವು ಗುಳಿಗೆ, ಸೂಜಿಯನ್ನೇ ಬಯಸುವವರೆಂದು ಅವರ ತಿಳುವಳಿಕೆ. “ಓಆರ್‌ಎಸ್ ಕೊಡ್ರಿ” ಅಂತ ಬಾಯಿಬಿಟ್ಟು ಕೇಳಿದವರಿಗೆ ಹೆಚ್ಚಾಗಿಯೇ ಸಿಕ್ಕಿತು. ಆದ್ದರಿಂದ ಸಂಕೋಚಪಡದೆ ಕೇಳಿ.

ರಾತ್ರಿ ಹೊತ್ತು ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹಾ ಚಮಚದಿಂದ ಸಮನಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಸ್ವಲ್ಪಸ್ವಲ್ಪವೇ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದು ಕೂಸು ಮಂಕಾದರೆ ಮಾತ್ರ ಬೆಳಗಿನ ತನಕ ಕಾಯದೆ ದವಾಖಾನೆಗೆ ಹೊರಡಿ.